ಹಳ್ಳಿಗೆ ಬಸ್ ಪ್ಲಾನ್ ಮಾಡೋದಾದ್ರೆ ವಾಪಸ್ ಬರೋ ಟ್ರಿಪ್‌ನಿಂದ ಶುರು ಮಾಡಿ

ಹಳ್ಳಿ ಕಡೆ ಬಸ್ ಬಿಡ್ಬೇಕು ಅಂತ ಕೂತವ್ರು ಸಾಮಾನ್ಯವಾಗಿ ಮೊದಲು ಮ್ಯಾಪ್ ತೆಗೀತಾರೆ, ಯಾವ್ಯಾವ ಊರು ಮುಟ್ಟಿಸ್ಬೇಕು ಅಂತ ಗೆರೆ ಎಳೀತಾರೆ, ಆಮೇಲೆ ಇರೋ ಒಂದೋ ಎರಡೋ ಬಸ್ಸನ್ನ ಆ ಗೆರೆ ಮೇಲೆಲ್ಲ ಸುತ್ತಿಸಿ ಕೊನೆಗೆ ಯಾರಿಗೂ ಸರಿಯಾದ ಟೈಮಿಗೆ ಸಿಗದಂಗೆ ಮಾಡಿಬಿಡ್ತಾರೆ. ದಯವಿಟ್ಟು ಮ್ಯಾಪ್ ಪಕ್ಕಕ್ಕಿಡಿ. ಮೊದಲು ಕೇಳ್ಬೇಕಾದ ಪ್ರಶ್ನೆ ಒಂದೇ, ಬೆಳಗ್ಗೆ ಮನೆಯಿಂದ ಹೊರಟವ್ರು ಸಾಯಂಕಾಲ ಹೇಗೆ ವಾಪಸ್ ಬರ್ತಾರೆ? ಹೋಗೋಕೆ ಬಸ್ ಇದ್ದು ಬರೋಕೆ ಇಲ್ಲ ಅಂದ್ರೆ ಜನ ಹೋಗೋ ಬಸ್ಸನ್ನೂ ಹತ್ತಲ್ಲ, ಗಾಡಿ ಇರೋರು ಗಾಡಿ ತಗೊಂಡು ಹೋಗ್ತಾರೆ, ಇಲ್ಲದವ್ರು ಮನೇಲೇ ಉಳೀತಾರೆ.

ಊರಿಗೆ ಹೋಗಿ ಮಾತಾಡ್ಸಿ. ಆದ್ರೆ "ಬಸ್ ಬೇಕಾ" ಅಂತ ಕೇಳ್ಬೇಡಿ, ಬೇಡ ಅನ್ನೋರು ಯಾರೂ ಇಲ್ಲ, ಅದ್ರಿಂದ ಏನೂ ಗೊತ್ತಾಗಲ್ಲ. ಹೋದ ವಾರ ಎಲ್ಲೆಲ್ಲಿ ಹೋಗಿದ್ರಿ, ಹೇಗೆ ಹೋದ್ರಿ, ಎಷ್ಟು ಗಂಟೆಗೆ ಕೆಲಸ ಮುಗೀತು, ಎಷ್ಟು ಗಂಟೆಗೆ ಮನೆ ಮುಟ್ಟಿದ್ರಿ ಅಂತ ಕೇಳಿ. ಮುಖ್ಯವಾಗಿ, ಹೋಗ್ಬೇಕಿತ್ತು ಆದ್ರೆ ಹೋಗೋಕಾಗ್ಲಿಲ್ಲ ಅನ್ನೋದು ಯಾವ್ದಾದ್ರೂ ಇದ್ಯಾ ಅಂತ ಕೇಳಿ, ಯಾಕಂದ್ರೆ ಇರೋ ಬಸ್ಸಲ್ಲಿ ಎಷ್ಟು ಜನ ಕೂತಿದಾರೆ ಅಂತ ಎಣಿಸಿದ್ರೆ ಬರ್ದೇ ಇದ್ದವ್ರ ಲೆಕ್ಕ ಎಲ್ಲೂ ಸಿಗಲ್ಲ. ಆಸ್ಪತ್ರೆಗೆ ಹೋಗೋಕಾಗದ ವಯಸ್ಸಾದವ್ರು, ಕ್ಲಾಸ್ ಮುಗಿಯೋದು ಲೇಟು ಅಂತ ಕಾಲೇಜ್ ಬಿಟ್ಟ ಹುಡುಗಿ, ಇವ್ರ ಉತ್ತರಾನೇ ನಿಮಗೆ ಬೇಕಾಗಿರೋದು. ಊರಿನ ನಾಲ್ಕು ಮುಖಂಡರನ್ನ ಮಾತ್ರ ಮಾತಾಡ್ಸಿ ಬಂದ್ರೆ ಸಾಲದು, ಅವ್ರಲ್ಲಿ ತುಂಬಾ ಜನಕ್ಕೆ ಸ್ವಂತ ಗಾಡಿ ಇರುತ್ತೆ.

ಈಗ ಲೆಕ್ಕ. ಇದನ್ನ ಪೇಪರ್ ಮೇಲೆ ಬರ್ದು ನೋಡಿ, ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. 20 ಕಿಲೋಮೀಟರ್ ರೂಟು, ನಿಲ್ಸೋದು ಹತ್ತಿಸೋದು ಎಲ್ಲ ಸೇರಿ ಸರಾಸರಿ ಗಂಟೆಗೆ 25 ಕಿಲೋಮೀಟರ್ ಅಂತ ಇಟ್ಕೊಂಡ್ರೆ 48 ನಿಮಿಷ ಆಯ್ತು, ಕೊನೇ ಸ್ಟಾಪಲ್ಲಿ 12 ನಿಮಿಷ ನಿಲ್ಲೋದು ಸೇರ್ಸಿದ್ರೆ ಒಂದು ಗಂಟೆ. ಹೋಗಿ ಬರೋಕೆ ಎರಡು ಗಂಟೆ, ಅಂದ್ರೆ ಒಂದು ಬಸ್ 12 ಗಂಟೆ ಓಡಿದ್ರೆ 6 ಸುತ್ತು. ಈಗ ಮೇನ್ ರೋಡಿಂದ 3 ಕಿಲೋಮೀಟರ್ ಒಳಗಿರೋ ಒಂದು ಊರಿಗೂ ಹೋಗಿ ಬರ್ಲಿ ಅಂತ ಸೇರಿಸಿದ್ರೆ ಒಳಗೆ 3, ಹೊರಗೆ 3, ಪ್ರತಿ ಸಲ ಸುಮಾರು ಕಾಲು ಗಂಟೆ, ಸುತ್ತಿಗೆ ಅರ್ಧ ಗಂಟೆ. 12 ಗಂಟೇಲಿ ಪೂರ್ತಿ ಆಗೋದು 4 ಸುತ್ತು ಮಾತ್ರ, ಜೊತೆಗೆ ಬಸ್ಸಲ್ಲಿ ಕೂತ ಬೇರೆಯವ್ರಿಗೆಲ್ಲ ಕಾಲು ಗಂಟೆ ಜಾಸ್ತಿ. ಆ ಊರನ್ನ ಬಿಟ್ಬಿಡಿ ಅಂತ ನಾನು ಹೇಳ್ತಿಲ್ಲ. ದಿನಕ್ಕೆ ಎರಡು ಸಲ ಮಾತ್ರ, ಬೆಳಗ್ಗೆ ಹೋಗೋ ಒಂದು ಟ್ರಿಪ್, ಸಾಯಂಕಾಲ ಬರೋ ಒಂದು ಟ್ರಿಪ್ ಒಳಗೆ ಹೋಗ್ಲಿ, ಉಳಿದ ಟೈಮಲ್ಲಿ ಕ್ರಾಸಿಂದ ಒಳಗೆ ಒಂದು ಸಣ್ಣ ಗಾಡಿ ವ್ಯವಸ್ಥೆ ಆಗ್ಲಿ. ಆದ್ರೆ ಏನು ಕೊಟ್ಟು ಏನು ತಗೋತಿದೀವಿ ಅಂತ ಊರಿನವ್ರ ಮುಂದೆ ಬಿಚ್ಚಿಟ್ಟು ಮಾತಾಡಿ, ಎಲ್ಲಾ ಊರಿಗೂ ಬಸ್ಸು, ಎರಡು ಗಂಟೆಗೊಂದು ಬಸ್ಸು, ಎರಡೂ ಇರೋ ಒಂದೇ ಬಸ್ಸಲ್ಲಿ ಆಗಲ್ಲ.

ಸಣ್ಣ ಬಸ್ ಹಾಕಿದ್ರೆ ಖರ್ಚು ಅರ್ಧ ಆಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಸಂಬಳ ಚೆನ್ನಾಗಿರೋ ಕಡೆ ದೊಡ್ಡ ಖರ್ಚು ಡ್ರೈವರ್ ಗಂಟೆಗಳದ್ದು, ಬಸ್ ಸಣ್ಣದಾದ್ರೂ ಡ್ರೈವರ್ ಒಬ್ರು ಬೇಕೇ ಬೇಕು, 12 ಗಂಟೆ ಓಡ್ಬೇಕು ಅಂದ್ರೆ ಎರಡು ಶಿಫ್ಟ್ ಬೇಕು. ಮೇಲಾಗಿ ಸ್ಕೂಲ್ ಬಿಡೋ ಹೊತ್ತಿಗೆ ಸಣ್ಣ ಬಸ್ಸಲ್ಲಿ ಮಕ್ಕಳು ಹಿಡಿಸಲ್ಲ. ಕೆಟ್ಟು ನಿಂತ್ರೆ ಹಾಕೋಕೆ ಇನ್ನೊಂದು ಬಸ್ ಎಲ್ಲಿಂದ ಬರುತ್ತೆ ಅನ್ನೋದನ್ನೂ ಮೊದಲೇ ಬರೆದಿಡಿ.

ಟೈಮ್ ಟೇಬಲ್ ಜನಕ್ಕೆ ಬಾಯಿಪಾಠ ಆಗೋ ತರ ಇರ್ಲಿ. 7.10, 9.35, 11.05 ಅಂತ ಇದ್ರೆ ಯಾರಿಗೆ ನೆನಪಿರುತ್ತೆ, 7.10, 9.10, 11.10 ಅಂತ ಮಾಡಿ. ಸ್ವಿಟ್ಜರ್‌ಲ್ಯಾಂಡಲ್ಲಿ 1982ರಲ್ಲಿ ದೇಶಪೂರ್ತಿ ರೈಲು ಇದೇ ತರ ಪ್ರತಿ ಗಂಟೆ ಅದೇ ನಿಮಿಷಕ್ಕೆ ಬರೋ ಹಂಗೆ ಮಾಡಿದ್ರು, ಅಲ್ಲಿ ಬೆಟ್ಟದ ಊರುಗಳಿಗೆ ಹೋಗೋ ಹಳದಿ ಪೋಸ್ಟ್ ಬಸ್ಸುಗಳು ಎಷ್ಟೋ ಕಡೆ ರೈಲು ಬರೋ ಟೈಮಿಗೇ ಸ್ಟೇಷನ್ನಲ್ಲಿ ಕಾಯ್ತಿರ್ತವೆ. ನಿಮ್ಮ ಹತ್ರ ಅಷ್ಟು ದುಡ್ಡು ಇಲ್ದೇ ಇರಬಹುದು, ಆದ್ರೆ ದೂರದಿಂದ ಬರೋ ದೊಡ್ಡ ಬಸ್ ಐದು ನಿಮಿಷ ಲೇಟಾದ್ರೆ ಹಳ್ಳಿ ಬಸ್ ಅದಕ್ಕೆ ಕಾಯ್ಬೇಕು ಅನ್ನೋ ನಿಯಮಕ್ಕೆ ದುಡ್ಡು ಬೇಕಾಗಲ್ಲ, ಇಬ್ರು ಡ್ರೈವರ್‌ಗಳಲ್ಲಿ ಒಬ್ರ ಫೋನ್ ನಂಬರ್ ಇನ್ನೊಬ್ರ ಹತ್ರ ಇದ್ರೆ ಸಾಕು.

ಫೋನ್ ಮಾಡಿದ್ರೆ ಮನೆ ಹತ್ರ ಬರೋ ಗಾಡಿ ಬಗ್ಗೆ ಈಗ ಎಲ್ಲಾ ಕಡೆ ಮಾತು. ಮನೆಗಳು ತುಂಬಾ ಚದುರಿರೋ ಕಡೆ, ರಾತ್ರಿ ಹೊತ್ತಲ್ಲಿ ಅದು ಒಳ್ಳೇದೇ. ಆದ್ರೆ ಒಂದು ಗಾಡಿ ಗಂಟೆಗೆ ಕರ್ಕೊಂಡು ಹೋಗೋಕಾಗೋದು ಬೆರಳೆಣಿಕೆ ಜನಾನ ಮಾತ್ರ, ಯಾಕಂದ್ರೆ ಒಬ್ಬೊಬ್ರಿಗೂ ಬೇರೆ ಬೇರೆ ದಾರಿ. ಮಾಮೂಲಿ ಬಸ್ಸಿಗೆ ಜನ ಜಾಸ್ತಿಯಾದ್ರೆ ತಲೆಗೆ ಬೀಳೋ ಖರ್ಚು ಇಳಿಯುತ್ತೆ, ಇಲ್ಲಿ ಜನ ಜಾಸ್ತಿಯಾದ್ರೆ ಗಾಡೀನೂ ಜಾಸ್ತಿ ಬೇಕು. ಬುಕಿಂಗ್ ಆ್ಯಪಲ್ಲಿ ಮಾತ್ರ ಇಡ್ಬೇಡಿ, ಫೋನ್ ಎತ್ತಿ ಮಾತಾಡೋ ಒಬ್ರು ಇರ್ಲೇಬೇಕು.

ಡ್ರೈವರ್ ಸಂಬಳಾನೇ ಭಾರ ಅನ್ನೋ ಕಡೆ ಊರಿನವ್ರೇ ಓಡಿಸೋ ದಾರೀನೂ ಇದೆ. ಜರ್ಮನಿಯಲ್ಲಿ 1985ರಿಂದ ಬ್ಯೂರ್ಗರ್‌ಬುಸ್ ಅಂತ ನಡೀತಿದೆ, ಸಾಮಾನ್ಯವಾಗಿ ಡ್ರೈವರ್ ಬಿಟ್ಟು 8 ಜನ ಕೂರೋ ವ್ಯಾನು, ಊರಿನ ಸ್ವಯಂಸೇವಕರೇ ಸರದಿ ಮೇಲೆ ಓಡಿಸ್ತಾರೆ. ಇದಕ್ಕೆ ಕೈ ಹಾಕೋ ಮುಂಚೆ ಲೈಸೆನ್ಸ್, ಇನ್ಶೂರೆನ್ಸ್ ಸರಿ ಮಾಡ್ಕೊಳ್ಳಿ, ಮತ್ತೆ ಎರಡು ವರ್ಷ ಆದ್ಮೇಲೂ ಓಡಿಸೋಕೆ ಬರೋಷ್ಟು ಜನ ಇದಾರಾ ಅಂತ ನೋಡ್ಕೊಳ್ಳಿ, ಶುರುವಲ್ಲಿ ಎಲ್ರಿಗೂ ಉತ್ಸಾಹ ಇರುತ್ತೆ.

ದುಡ್ಡಿನ ವಿಷ್ಯದಲ್ಲಿ ಟಿಕೆಟ್ ದುಡ್ಡಲ್ಲೇ ನಡೀಬೇಕು ಅಂತ ಹಠ ಹಿಡಿದ್ರೆ ಹಳ್ಳಿ ಬಸ್ ಉಳಿಯಲ್ಲ. ಗ್ರೇಟ್ ಬ್ರಿಟನ್ನಲ್ಲಿ 1986ರಲ್ಲಿ ಲಂಡನ್ ಬಿಟ್ಟು ಬೇರೆ ಕಡೆ ರೂಟುಗಳನ್ನ ಕಂಪನಿಗಳ ಆಯ್ಕೆಗೆ ಬಿಟ್ಟಾಗ ಲಾಭ ಇಲ್ಲದ ರೂಟುಗಳು ಸ್ಥಳೀಯ ಆಡಳಿತದ ದುಡ್ಡಿನ ಮೇಲೆ ನಿಂತ್ಕೊಂಡ್ವು, ಆಮೇಲೆ ಆ ದುಡ್ಡು ಕಮ್ಮಿ ಆದಂಗೆ ಎಷ್ಟೋ ಬಸ್ಸೂ ನಿಂತೋದ್ವು. ಹಾಗಾಗಿ ಶುರು ಮಾಡೋಕೆ ಮುಂಚೆನೇ ಕನಿಷ್ಠ ಎರಡು ವರ್ಷದ ದುಡ್ಡು ಕೈಲಿರ್ಲಿ. ಜನ ಅಭ್ಯಾಸ ಬದಲಾಯಿಸ್ಕೊಳ್ಳೋಕೆ ಟೈಮ್ ಬೇಕು, ಮೂರು ತಿಂಗಳಿಗೆ ನಿಲ್ಲಿಸಿದ್ರೆ ಮುಂದಿನ ಸಲ ಯಾರೂ ನಂಬಲ್ಲ.

ಬಸ್ ಖಾಲಿ ಓಡ್ತಿದೆ ಅನ್ನೋ ಮಾತು ಬಂದೇ ಬರುತ್ತೆ, ಅದಕ್ಕೆ ಈಗ್ಲೇ ಉತ್ತರ ರೆಡಿ ಇಟ್ಕೊಳ್ಳಿ. ರಾತ್ರಿ ಎಂಟರ ಕೊನೇ ಬಸ್ಸಲ್ಲಿ ಇಬ್ರು ಇರಬಹುದು. ಆದ್ರೆ ಕೆಲಸ ಲೇಟಾದ್ರೂ ಎಂಟಕ್ಕೆ ಒಂದು ಬಸ್ ಇದೆ ಅನ್ನೋ ಧೈರ್ಯದ ಮೇಲೆ ಬೆಳಗ್ಗೆ ಹೊರಟವ್ರು ಹತ್ತಾರು ಜನ, ಅವ್ರಲ್ಲಿ ಹೆಚ್ಚಿನವ್ರು ಆರರ ಬಸ್ಸಿಗೇ ವಾಪಸ್ ಬಂದಿರ್ತಾರೆ. ಎಂಟರ ಬಸ್ ಕಿತ್ತಾಕಿ ನೋಡಿ, ಬೆಳಗ್ಗೆ ಬಸ್ಸೂ ಖಾಲಿ ಆಗುತ್ತೆ, ಆಮೇಲೆ ಅದನ್ನೂ ಕೀಳಿ ಅಂತಾರೆ. ಅದಕ್ಕೇ ಒಂದೊಂದೇ ಟ್ರಿಪ್ಪಿನ ಟಿಕೆಟ್ ಲೆಕ್ಕ ಹಾಕ್ಬೇಡಿ, ಇಡೀ ದಿನದ್ದು ಒಟ್ಟಿಗೆ ನೋಡಿ, ಕೊನೇ ಬಸ್ಸಲ್ಲಿ ಬಂದವ್ರು ಬೆಳಗ್ಗೆ ಯಾವ ಬಸ್ಸಲ್ಲಿ ಹೋಗಿದ್ರು ಅಂತ ತಿಂಗಳಿಗೊಂದ್ಸಲ ಕಂಡಕ್ಟರ್ ಅಥವಾ ಡ್ರೈವರ್ ಕೈಲಿ ಕೇಳಿಸಿ ಬರೆದಿಡಿ.

ಸ್ಟಾಪಲ್ಲಿ ನೆರಳು, ಕೂರೋಕೆ ಒಂದು ಕಲ್ಲು, ಒಂದು ಲೈಟು, ಟೈಮ್ ಬರೆದ ಬೋರ್ಡು ಇರ್ಲಿ. ಬೋರ್ಡಲ್ಲಿ ವಾಪಸ್ ಬರೋ ಟೈಮನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೀರಿ, ಕೆಳಗೆ ಒಂದು ಫೋನ್ ನಂಬರ್ ಹಾಕಿ, ಬಸ್ ಬರಲ್ಲ ಅಂತಾದ ದಿನ ಆ ನಂಬರ್ ಎತ್ತಿ ನಿಜ ಹೇಳೋರು ಒಬ್ರು ಕೊನೇ ಬಸ್ ಮುಗಿಯೋ ತನಕ ಇರ್ಬೇಕು.