ಓಪನ್ ಆಗದ ಫೈಲ್ ಇದ್ರೆ ತನ್ನಿ

ಸಾಗರದಲ್ಲಿ ನನ್ನದು ಡಿಟಿಪಿ ಕೆಲಸ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಹೀಗೆ. ಈ ಕೆಲಸದಲ್ಲಿ ಇರುವವರು ದಿನಾ ಕೇಳುವ ಮಾತು ಒಂದಿದೆ: "ಹೋದ ಸಲದ ಫೈಲ್ ಇದೆಯಲ್ಲ, ಅದ್ರಲ್ಲೇ ಹೆಸರು ಬದಲಾಯಿಸಿ ಕೊಡಿ." ಫೈಲ್ ಇರುತ್ತದೆ. ಆದರೆ ಓಪನ್ ಆಗುವುದಿಲ್ಲ. ಓಪನ್ ಆದರೂ ಅಕ್ಷರವೆಲ್ಲ ಕೆಟ್ಟಿರುತ್ತದೆ. ಮತ್ತೆ ಮೊದಲಿಂದ ಟೈಪ್ ಮಾಡಬೇಕು. ಸಂಘದ ಇಪ್ಪತ್ತು ವರ್ಷದ ವರದಿಗಳು ಹೀಗೆ ಕಣ್ಣೆದುರೇ ಹೋದದ್ದನ್ನು ನೋಡಿದ್ದೇನೆ, ತುಂಬ ಬೇಜಾರಾಗುತ್ತದೆ.

ಹಾಗಾಗಿ ಡಾಕ್ಯುಮೆಂಟ್ ಫ್ರೀಡಮ್ ಡೇ ಅಂತ ಒಂದು ದಿನ ಇದೆ ಎಂದು ಗೊತ್ತಾದಾಗ ಇದನ್ನು ನಮ್ಮೂರಲ್ಲೂ ಮಾಡಲೇಬೇಕು ಅನ್ನಿಸಿತು. ಅದು 2008ರಲ್ಲಿ ಶುರುವಾದದ್ದು. ಮಾರ್ಚ್ ತಿಂಗಳ ಕೊನೆಯ ಬುಧವಾರ ಅಂತ ಇಟ್ಟುಕೊಂಡಿದ್ದರು. ಮುಕ್ತ ಫೈಲ್ ವಿಧಾನಗಳ ಬಗ್ಗೆ, ಅಂದರೆ ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ, ಒಳಗಿನ ಕಟ್ಟುವಿಕೆಯನ್ನು ಎಲ್ಲರಿಗೂ ಬರೆದು ಕೊಟ್ಟಿರುವ ಫೈಲ್‌ಗಳ ಬಗ್ಗೆ ಜನರಿಗೆ ಹೇಳುವ ದಿನ. ದೊಡ್ಡ ಸಂಸ್ಥೆ ಬೇಕಿಲ್ಲ. ಯಾವ ಊರಿನವರಾದರೂ ನಾಲ್ಕು ಜನ ಸೇರಿ ಮಾಡಬಹುದು.

ನಾವೂ ನಾಲ್ಕು ಜನ ಸೇರಿದೆವು. ಮೊದಲ ವರ್ಷ ಬುಧವಾರವೇ ಮಾಡಿದೆವು, ಅದು ತಪ್ಪಾಯಿತು. ಮಾರ್ಚ್ ಕೊನೆ ಅಂದರೆ ಸಂಘಗಳಲ್ಲಿ, ಬ್ಯಾಂಕುಗಳಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಮಕ್ಕಳಿಗೆ ಪರೀಕ್ಷೆ. ಬಂದವರು ಹನ್ನೊಂದು ಜನ. ನಾನು ಪ್ರೊಜೆಕ್ಟರ್ ಹಾಕಿ ಮುಕ್ಕಾಲು ಗಂಟೆ ಮಾತಾಡಿದೆ. ಒಡಿಎಫ್ ಅನ್ನುವ ಮುಕ್ತ ಫೈಲ್ ವಿಧಾನವನ್ನು 2005ರಲ್ಲಿ ಓಯಸಿಸ್ ಅನ್ನುವ ಗುಣಮಟ್ಟ ಸಂಸ್ಥೆ ಒಪ್ಪಿತು, 2006ರಲ್ಲಿ ಐಎಸ್‌ಒ 26300 ಅಂತ ಅಂತರರಾಷ್ಟ್ರೀಯ ಗುಣಮಟ್ಟ ಆಯಿತು, ನಮ್ಮ ಕೇಂದ್ರ ಸರ್ಕಾರವೂ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಗುಣಮಟ್ಟಗಳ ನೀತಿ ತಂದಿದೆ, ಎಲ್ಲ ಹೇಳಿದೆ. ಎಲ್ಲವೂ ನಿಜವೇ. ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ಮಾತು ಚೆನ್ನಾಗಿತ್ತು ತಮಾ, ಆದ್ರೆ ನಾವು ಎಂತ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ" ಅಂದರು.

ಆ ಮಾತು ಇಡೀ ವರ್ಷ ತಲೆಯಲ್ಲಿ ಉಳಿಯಿತು. ಮರುವರ್ಷ ಭಾಷಣವನ್ನೇ ಬಿಟ್ಟೆವು. ಏಪ್ರಿಲ್ ಮೊದಲ ಭಾನುವಾರ ಇಟ್ಟುಕೊಂಡೆವು. ಬಸ್ ಸ್ಟ್ಯಾಂಡ್ ಹತ್ತಿರ, ಸೊಸೈಟಿ ಬಾಗಿಲಲ್ಲಿ, ಪೇಟೆಯ ಅಂಗಡಿಗಳಲ್ಲಿ ಒಂದೇ ಸಾಲಿನ ಕಾಗದ ಅಂಟಿಸಿದೆವು: "ಓಪನ್ ಆಗದ ಫೈಲ್ ಇದ್ರೆ ತನ್ನಿ." ಊರಲ್ಲಿ ಕಣ್ಣಿನ ಶಿಬಿರ ಮಾಡುತ್ತಾರಲ್ಲ, ಹಾಗೇ ಇದೂ ಒಂದು ಶಿಬಿರ. ಬಂದವರಿಗೆ ಟೋಕನ್, ಮೂರು ಮೇಜು, ಮಜ್ಜಿಗೆ, ಹಲಸಿನಕಾಯಿ ಹಪ್ಪಳ.

ಜನ ಬಂದರು. ಪೆನ್‌ಡ್ರೈವ್ ತಂದರು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಸಿಡಿ ತಂದರು, ಒಬ್ಬರು ಸ್ಕೂಟರ್ ಮೇಲೆ ಇಡೀ ಸಿಪಿಯು ಹೇರಿಕೊಂಡು ಬಂದರು. ದೇವಸ್ಥಾನದ ಸಮಿತಿಯವರು, ಸಂಘದ ಕಾರ್ಯದರ್ಶಿ, ತಾಳಮದ್ದಲೆ ಅರ್ಥಧಾರಿಯೊಬ್ಬರು. ಮಲೆನಾಡಿನ ಮಳೆಗಾಲಕ್ಕೆ ಸಿಡಿಗೂ ಬೂಷ್ಟು ಬರುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಮಧ್ಯದಿಂದ ಅಂಚಿನ ಕಡೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಬಾರದು. ಕೆಲವು ಓದಿದವು, ಕೆಲವು ಓದಲಿಲ್ಲ.

ನನಗೆ ಮರೆಯಲಾಗದ್ದು ನಿವೃತ್ತ ಮಾಷ್ಟ್ರೊಬ್ಬರ ಸಿಡಿ. ಅವರ ಅಮ್ಮ ಹೇಳುತ್ತಿದ್ದ ಹಸೆ ಹಾಡುಗಳನ್ನು ಅವರು ಸುಮಾರು ಹದಿನೈದು ವರ್ಷದ ಹಿಂದೆ ಕೂತು ಟೈಪ್ ಮಾಡಿದ್ದರು. ನೂರಕ್ಕೂ ಜಾಸ್ತಿ ಹಾಡು. ಅಮ್ಮ ಈಗಿಲ್ಲ. ಕೈಬರಹದ ಪುಸ್ತಕ ಗೆದ್ದಲು ಹಿಡಿದು ಹೋಗಿದೆ. ಫೈಲ್ ಲಿಬ್ರೆಆಫೀಸ್ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಥಟ್ಟನೆ ಓಪನ್ ಆಯಿತು. ಆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಒಂದೊಂದರ ತಲೆ ಮೇಲೂ ಗೀಟು, ಚುಕ್ಕಿ. ಮಾಷ್ಟ್ರ ಮುಖ ಬಾಡಿಹೋಯಿತು. "ಹೋಯ್ತಾ ಮಾರಾಯ?" ಅಂದರು.

ಹೋಗಿರಲಿಲ್ಲ. ಇಲ್ಲೇ ಕನ್ನಡದವರು ಗಮನಿಸಬೇಕಾದ ವಿಷಯ ಇರುವುದು. ನಮಗೆ ಬೀಗ ಎರಡು. ಒಂದು ಫೈಲಿನದು, ಇನ್ನೊಂದು ಫಾಂಟಿನದು. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ, ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದವು, ಅವುಗಳ ಋಣ ದೊಡ್ಡದು. ಆಗ ಇದ್ದ ದಾರಿ ಅಂದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುವುದು. ಹಳೆ ನುಡಿ ಫಾಂಟಿನಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ತಲೆಗೆ ಗೀಟು ಇರುವ ಎ, ಎರಡೂ ಸೇರಿದರೆ ಕ. ಫಾಂಟ್ ಇದ್ದರೆ ಕ ಕಾಣುತ್ತದೆ, ಇಲ್ಲದಿದ್ದರೆ ಬರೀ ಪಿ ಮತ್ತು ಎ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಅಂಥ ಬರಹವನ್ನು ಸುಮ್ನೆ ಒಡಿಟಿ, ಅಂದರೆ ಒಡಿಎಫ್ ವಿಧಾನದ ಬರಹದ ಫೈಲ್, ಮಾಡಿ ಇಟ್ಟರೆ ಏನೂ ಉಪಯೋಗವಿಲ್ಲ. ಮೊದಲು ಯೂನಿಕೋಡಿಗೆ ತರಬೇಕು, ಆಮೇಲೆ ಮುಕ್ತ ಫೈಲಿನಲ್ಲಿ ಇಡಬೇಕು.

ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒಂದು ಕ್ಲಿಕ್ಕಿನ ಕೆಲಸ. ಆದರೆ ಅಲ್ಲಿಗೇ ಬಿಟ್ಟರೆ ಮೋಸ ಹೋಗುತ್ತೀರಿ. ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ. ನಾವು ಮಾಡಿದ್ದು ಹೀಗೆ: ಹಳೆ ಫಾಂಟ್ ಹಾಕಿದ ಒಂದು ಲ್ಯಾಪ್‌ಟಾಪಿನಲ್ಲಿ ಮೂಲ ಫೈಲ್ ತೆರೆದು ಪ್ರಿಂಟ್ ತೆಗೆದೆವು, ಒಬ್ಬರು ಅದನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆ ನೋಡುತ್ತ ತಿದ್ದುವುದು. ಮಾಷ್ಟ್ರ ತಂಗಿ ಜೊತೆಗೆ ಬಂದಿದ್ದರು. ಪ್ರಿಂಟ್ ಅವರ ಕೈಗೆ ಕೊಟ್ಟೆವು. ಅವರು ಓದಲಿಲ್ಲ, ಹಾಡಿದರು. ಮಜ್ಜಿಗೆ ಕುಡಿಯುತ್ತಿದ್ದವರೆಲ್ಲ ಸುತ್ತ ನೆರೆದರು.

ಸೇವ್ ಮಾಡಿದ ಮೇಲೆ ಒಂದು ವಿಷಯ ತೋರಿಸಿದೆ. ಒಡಿಟಿ ಫೈಲಿನ ಪ್ರತಿ ತೆಗೆದು, ಹೆಸರಿನ ಬಾಲವನ್ನು ಜಿಪ್ ಅಂತ ಬದಲಾಯಿಸಿ ಬಿಚ್ಚಿದೆ. ಒಳಗೆ ಕೆಲವು ಸಣ್ಣ ಫೈಲ್‌ಗಳು. ಕಂಟೆಂಟ್ ಡಾಟ್ ಎಕ್ಸ್‌ಎಂಎಲ್ ಅನ್ನುವುದನ್ನು ಬರೀ ನೋಟ್‌ಪ್ಯಾಡಿನಲ್ಲಿ ತೆರೆದೆ. ನೀವೂ ಮಾಡಿ ನೋಡಿ, ಆದರೆ ಎಲ್ಲ ಒಂದೇ ಉದ್ದ ಸಾಲಿನಲ್ಲಿ ಇರುತ್ತದೆ, ಗಾಬರಿ ಬೇಡ, ಕಂಟ್ರೋಲ್ ಎಫ್ ಒತ್ತಿ ಗೊತ್ತಿರುವ ಒಂದು ಪದ ಹುಡುಕಿ. ನಾನು "ಹಸೆ" ಅಂತ ಹುಡುಕಿದೆ. ಸಿಕ್ಕಿತು, ಅಚ್ಚ ಕನ್ನಡದಲ್ಲಿ, ಪಕ್ಕದಲ್ಲಿ ಒಂದಿಷ್ಟು ಗುರುತುಗಳ ನಡುವೆ. ನಾಳೆ ಲಿಬ್ರೆಆಫೀಸೇ ಇಲ್ಲ ಅಂದರೂ ಹಾಡು ಹೀಗೆ ಓದಲು ಸಿಗುತ್ತದೆ ಅಂದೆ. ಮೊದಲ ವರ್ಷ ಮುಕ್ಕಾಲು ಗಂಟೆಯಲ್ಲಿ ಹೇಳಲು ಆಗದ್ದು ಎರಡು ನಿಮಿಷಕ್ಕೆ ಅರ್ಥವಾಯಿತು.

ಕಾಲೇಜು ಹುಡುಗಿಯೊಬ್ಬಳು ಒಳ್ಳೆ ಪ್ರಶ್ನೆ ಕೇಳಿದಳು. "ಅಣ್ಣಾ, ಡಾಕ್ಸ್ ಕೂಡ ಜಿಪ್ಪೇ ಅಲ್ವಾ? ಅದೂ ಐಎಸ್‌ಒ ಅಲ್ವಾ?" ಹೌದು. ಡಾಕ್ಸ್ ಅಂದರೆ ಮೈಕ್ರೋಸಾಫ್ಟ್ ವರ್ಡಿನ ಫೈಲ್, 2008ರಲ್ಲಿ ಅದೂ ಐಎಸ್‌ಒ 29500 ಆಯಿತು. ಅದನ್ನು ಒಪ್ಪಬೇಕೋ ಬೇಡವೋ ಅಂತ ದೇಶಗಳು ಮತ ಹಾಕಿದಾಗ ಭಾರತ ಬೇಡ ಅಂದಿತ್ತು. ಆ ಗುಣಮಟ್ಟದ ವಿವರಣೆ 6000 ಪುಟಕ್ಕೂ ಜಾಸ್ತಿ, ಒಡಿಎಫ್‌ನ ಮೊದಲ ಆವೃತ್ತಿಯದು ಸುಮಾರು 700 ಪುಟ. ಬೇರೆಯವರು ಕೂತು ಹೊಸ ತಂತ್ರಾಂಶ ಬರೆಯಬೇಕೆಂದರೆ ಯಾವುದು ಸುಲಭ ಅಂತ ನೀನೇ ಯೋಚನೆ ಮಾಡು ಅಂದೆ. ಡಾಕ್ಸ್ ಕಳಿಸಿದವರ ಜೊತೆ ನಾವು ಜಗಳ ಮಾಡುವುದಿಲ್ಲ. ಇಡುವ ಪ್ರತಿ ಒಡಿಟಿ ಇರಲಿ, ಲೆಕ್ಕದ್ದು ಒಡಿಎಸ್, ಓದಲು ಮಾತ್ರ ಕೊಡುವುದು ಪಿಡಿಎಫ್. ಇಷ್ಟೇ ಕೇಳಿಕೊಂಡೆವು.

ನೀವೂ ಮಾಡುವುದಾದರೆ ಕೆಲವು ಮಾತು. ತಂದ ಪೆನ್‌ಡ್ರೈವ್‌ಗಳನ್ನು ಮೊದಲು ಲಿನಕ್ಸ್ ಇರುವ ಯಂತ್ರಕ್ಕೆ ಹಾಕಿ, ಇಲ್ಲದಿದ್ದರೆ ಒಬ್ಬರ ವೈರಸ್ ಎಲ್ಲರ ಮನೆಗೂ ಹೋಗುತ್ತದೆ. ಮೂಲ ಫೈಲ್ ಮುಟ್ಟಬೇಡಿ, ಪ್ರತಿಯ ಮೇಲೆ ಕೆಲಸ ಮಾಡಿ. ಕರೆಂಟ್ ನಂಬಬೇಡಿ, ಏಪ್ರಿಲ್‌ನಲ್ಲಿ ನಾಲ್ಕು ಹನಿ ಮಳೆ ಬಿದ್ದರೂ ಹೋಗುತ್ತದೆ, ನಮಗೆ ಮಧ್ಯಾಹ್ನ ಎರಡು ತಾಸು ಇರಲಿಲ್ಲ. ಬೇರೆಯವರ ಖಾಸಗಿ ಕಾಗದಪತ್ರ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿಯದ ಹಾಗೆ ಅವರ ಎದುರೇ ಅಳಿಸಿ. ಸಿಡಿ ಡ್ರೈವ್ ಈಗ ಸಿಗುವುದು ಕಷ್ಟ, ಹಳೆ ಡಿಟಿಪಿ ಅಂಗಡಿಯಲ್ಲಿ ಮೊದಲೇ ಕೇಳಿಡಿ.

ಅವತ್ತು ಹಸೆ ಹಾಡುಗಳಲ್ಲಿ ಇಪ್ಪತ್ತಷ್ಟೇ ತಿದ್ದಿ ಮುಗಿದವು. ಉಳಿದದ್ದಕ್ಕೆ ಮಾಷ್ಟ್ರ ತಂಗಿ ಭಾನುವಾರ ಸಂಜೆ ನಮ್ಮ ಅಂಗಡಿಗೆ ಬರುತ್ತಾರೆ. ಹೋದ ವಾರ ಒಂದು ಹಾಡಿಗೆ ತಡೆದು, "ಇಲ್ಲಿ ಒಂದು ಸಾಲು ಅಣ್ಣ ಬಿಟ್ಟಿದಾನೆ" ಅಂದರು. ಹೇಳಿದರು, ನಾನು ಸೇರಿಸಿದೆ. ಇನ್ನು ನಲವತ್ತು ಹಾಡು ಬಾಕಿ ಇವೆ.