ಉಪ್ಪುಗಾಳಿಯ ಊರಿನಲ್ಲಿ ಹಳೆಯ ಜಿಪ್ಸಿ: ನನ್ನ ಅನುಭವ

ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳಲು ಹೊರಟವರು ಮೊದಲು ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳುತ್ತಾರೆ, ಆಮೇಲೆ ಸೈಲೆನ್ಸರಿನ ಹೊಗೆ ನೋಡುತ್ತಾರೆ, ಸಮಯ ಉಳಿದರೆ ಕೆಳಗೆ ಬಗ್ಗುತ್ತಾರೆ. ಕರಾವಳಿಯಲ್ಲಿ ಈ ಕ್ರಮ ತಿರುವುಮುರುವಾಗಬೇಕು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಹೋದರೆ ಇನ್ನೊಂದನ್ನು ತಂದು ಕೂರಿಸಬಹುದು. ಆದರೆ ಗಾಡಿಯ ಭಾರವನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟಾದ ಚಾಸಿಸ್ ಒಳಗಿನಿಂದ ತುಕ್ಕು ಹಿಡಿದು ಟೊಳ್ಳಾಗಿದ್ದರೆ ಉಳಿದ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮಲ್ಪೆಯ ಕಡಲಿಗೆ ಸಮೀಪದಲ್ಲಿ ಮನೆ ಮಾಡಿಕೊಂಡು, 2002ರ ಮಾಡೆಲಿನ ಮಾರುತಿ ಜಿಪ್ಸಿ ಕಿಂಗ್ ಒಂದನ್ನು 2016ರಿಂದ ಸಾಕಿಕೊಂಡು ಬಂದ ನಾನು ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಜಿಪ್ಸಿ ಮೊದಲು ಮಾರುಕಟ್ಟೆಗೆ ಬಂದದ್ದು 1985ರಲ್ಲಿ, 970 ಸಿಸಿಯ ಸಣ್ಣ ಎಂಜಿನ್ನಿನೊಂದಿಗೆ. 1996ರಲ್ಲಿ 1298 ಸಿಸಿಯ ‘ಕಿಂಗ್’ ಬಂತು. 2000ದಲ್ಲಿ ಅದು ಕಾರ್ಬುರೇಟರ್ ಬಿಟ್ಟು, ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಆಯಿತು. ನನ್ನದು ಈ ಕೊನೆಯ ಬಗೆಯದು. ಹೆಬ್ರಿಯ ಆಚೆ, ಆಗುಂಬೆ ಘಾಟಿಯ ಬುಡದಲ್ಲಿರುವ ನನ್ನ ಹೆಂಡತಿಯ ತವರಿನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೋಗಬೇಕಾದರೆ ಒಂದು ಸಣ್ಣ ಹೊಳೆಯನ್ನೂ ಕೆಸರಿನ ಏರನ್ನೂ ದಾಟಲೇಬೇಕಾದ್ದರಿಂದ, ನನಗೆ ಇಂಥದ್ದೊಂದು ಗಾಡಿಯ ಅಗತ್ಯ ನಿಜವಾಗಿಯೂ ಇತ್ತು. ಶೋಕಿಯೂ ಸ್ವಲ್ಪ ಇತ್ತೆಂಬುದನ್ನು ಮನೆಯವರು ಈಗಲೂ ಹೇಳುತ್ತಾರೆ, ನಾನು ವಾದಿಸುವುದಿಲ್ಲ.

ಕೊಳ್ಳುವಾಗ ಗಾಡಿಯ ಅಡಿಭಾಗಕ್ಕೆಲ್ಲ ಕಪ್ಪಗೆ ದಪ್ಪನೆಯ ಟಾರಿನ ಕೋಟಿಂಗ್ ಬಳಿದಿದ್ದರು. ನೋಡಲು ಅಚ್ಚುಕಟ್ಟಾಗಿತ್ತು. ಅಂಥ ಕೋಟಿಂಗ್ ಹೊಸ ಗಾಡಿಗೆ ಒಳ್ಳೆಯದಿರಬಹುದು. ಹಳೆಯದಕ್ಕೆ ಬಳಿದರೆ ಮಾತ್ರ ಅದು ಕಾಲಕ್ರಮದಲ್ಲಿ ಒಣಗಿ ಬಿರುಕು ಬಿಟ್ಟು, ಆ ಬಿರುಕಿನಿಂದ ಒಳಸೇರಿದ ಉಪ್ಪುನೀರನ್ನು ಹೊರಬಿಡದೆ ಕಬ್ಬಿಣಕ್ಕೇ ಅಂಟಿಸಿ ಇಟ್ಟುಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯುವ ಮೊದಲೇ ನಮ್ಮ ವೆಲ್ಡರ್ ಒಂದು ಸಣ್ಣ ಸುತ್ತಿಗೆಯಿಂದ ಚಾಸಿಸ್ಸಿನ ಉದ್ದಕ್ಕೂ ಅಂಗೈ ಅಗಲಕ್ಕೊಂದರಂತೆ ಬಡಿಯುತ್ತ ಹೋದರು. ಮುಂಭಾಗದಲ್ಲಿ ಟಣ್ ಟಣ್ ಎನ್ನುತ್ತಿದ್ದ ಸದ್ದು ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ಟಿನ ಹತ್ತಿರ ಬಂದಾಗ ದಬ್ ದಬ್ ಎಂದಿತು. ಇನ್ನೊಂದು ಪೆಟ್ಟಿಗೆ ಸುತ್ತಿಗೆಯ ತಲೆ ಒಳಗೇ ಹೋಯಿತು. ತೂತಿನಿಂದ ಉದುರಿದ್ದು ಕಂದು ಬಣ್ಣದ ಪದರ ಪದರವಾದ ಚೂರುಗಳು, ಅವುಗಳ ಜೊತೆಗೆ ಇನ್ನೂ ಒದ್ದೆಯಾಗಿದ್ದ ಕೆಸರು. “ಮಾಷ್ಟ್ರೇ, ಇದು ಹೊರಗಿಂದ ಬಂದ ತುಕ್ಕಲ್ಲ ಮಾರಾಯ್ರೆ, ಒಳಗೆ ನೀರು ನಿಂತು ಬಂದದ್ದು,” ಎಂದರು ಅವರು. ಜಿಪ್ಸಿಯ ಚಾಸಿಸ್ ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಉಕ್ಕಿನ ಕೊಳವೆ. ಅದರಲ್ಲಿರುವ ತೂತುಗಳಿಂದ ಕೆಸರುನೀರು ಒಳಗೆ ಹೋಗುತ್ತದೆ. ಹೊರಬರಬೇಕಾದ ತೂತು ಕೆಸರಿನಿಂದ ಕಟ್ಟಿಕೊಂಡರೆ ತಗ್ಗಿದ ಜಾಗದಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ.

ವೆಲ್ಡಿಂಗ್ ಮಾಡಬೇಕಾದರೆ ಬಾಡಿ ಎತ್ತಬೇಕಿತ್ತು. ಬಾಡಿಯನ್ನು ಚಾಸಿಸ್ಸಿಗೆ ಕೂರಿಸುವ ರಬ್ಬರ್ ಮೌಂಟುಗಳ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿ ಹೋಗಿದ್ದವು. ಕೆಲವು ಸ್ಪ್ಯಾನರ್ ತಿರುಗಿಸಿದ ಕೂಡಲೇ ತುಂಡಾದವು, ಕೆಲವು ಒಳಗಿನ ನಟ್ಟನ್ನೂ ಜೊತೆಗೇ ತಿರುಗಿಸುತ್ತಾ ಹಂಗಿಸಿದವು. ಗ್ಯಾಸ್ ಹಿಡಿದು ಕಾಯಿಸಿದರೆ ರಬ್ಬರ್ ಸುಡುತ್ತಿತ್ತು. ಕೊನೆಗೆ ನೆಲದ ತಗಡಿನಲ್ಲಿ ಕಿಂಡಿ ಕತ್ತರಿಸಿ ಒಳಗಿನ ನಟ್ಟನ್ನು ಹಿಡಿಯಬೇಕಾಯಿತು. ಇದೆಲ್ಲ ಮುಗಿಯುವಷ್ಟರಲ್ಲಿ ಜೂನ್ ಬಂದಿತ್ತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಬೋಟುಗಳೆಲ್ಲ ದಡ ಸೇರಿ ರಿಪೇರಿಗೆ ನಿಲ್ಲುತ್ತವೆ. ಮಲ್ಪೆಯ ಬೋಟುಗಳಲ್ಲಿ ದುಡಿದು ಪಳಗಿದ ನಮ್ಮ ವೆಲ್ಡರಿಗೆ ಆ ಎರಡು ತಿಂಗಳು ಉಸಿರಾಡಲೂ ಪುರುಸೊತ್ತಿಲ್ಲ. ಚಾಸಿಸ್ ಒಂದು ಕಡೆ, ಬಾಡಿ ಒಂದು ಕಡೆ, ಎರಡರ ಮೇಲೂ ಟಾರ್ಪಾಲು ಹೊದಿಸಿ ಇಡೀ ಮಳೆಗಾಲ ಕಾದದ್ದಾಯಿತು. ಬೇರೆಯವರಿಂದ ಬೇಗ ಮಾಡಿಸಿಕೊಳ್ಳಬಹುದಿತ್ತು. ಆದರೆ ಉಪ್ಪುನೀರಿನ ತುಕ್ಕನ್ನು ದಿನವೂ ಕತ್ತರಿಸುವ ಕೈ ಬೇಕೆಂಬ ಹಟ ನನ್ನದು, ಆ ಹಟ ವ್ಯರ್ಥವಾಗಲಿಲ್ಲ.

ಅವರು ಮಾಡಿದ ಕೆಲಸದ ವಿವರ ಹೀಗಿದೆ. ಬ್ಯಾಟರಿಯ ತಂತಿಗಳನ್ನೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಕನೆಕ್ಟರನ್ನೂ ಕಳಚಿ, ಪೆಟ್ರೋಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪುಗಳನ್ನು ಬಿಚ್ಚಿಟ್ಟ ಮೇಲೆಯೇ ಗ್ರೈಂಡರ್ ಹಿಡಿದದ್ದು. ತುಕ್ಕು ಕಾಣುವಲ್ಲಿಗೆ ನಿಲ್ಲಿಸದೆ, ಲೋಹ ಬೆಳ್ಳಗೆ ಹೊಳೆಯುವ ಗಟ್ಟಿ ಜಾಗ ಸಿಗುವವರೆಗೆ ಕತ್ತರಿಸಿದರು. ತೇಪೆಗೆ 3 ಮಿಲಿಮೀಟರ್ ದಪ್ಪದ ಶೀಟು ಬಳಸಿದರು. ಅದರ ತುದಿಗಳನ್ನು ನೇರವಾಗಿ ಬಿಡದೆ ಮೀನಿನ ಮೂತಿಯಂತೆ ಚೂಪಾಗಿಸಿದರು. ಚಾಸಿಸ್ಸಿಗೆ ಅಡ್ಡಲಾಗಿ, ಮೇಲಿನಿಂದ ಕೆಳಗೆ ಒಂದೇ ನೇರ ಗೆರೆಯಲ್ಲಿ ವೆಲ್ಡ್ ಹಾಕಿದರೆ, ಗಾಡಿ ಹೊಂಡದಲ್ಲಿ ತಿರುಚಿಕೊಂಡಾಗ ಆ ಗೆರೆಯ ಪಕ್ಕದಲ್ಲೇ ಬಿರುಕು ಹುಟ್ಟುತ್ತದೆ. ಓರೆಯಾದ ಅಂಚು ಆ ಭಾರವನ್ನು ಉದ್ದಕ್ಕೆ ಹಂಚುತ್ತದೆ. ತೇಪೆಯ ತಗ್ಗಿನ ತುದಿಯಲ್ಲಿ ನೀರು ಇಳಿಯಲು ತೂತು ಬಿಡಿಸಿದೆವು. ವೆಲ್ಡ್ ತಣಿದ ಸಂಜೆಯೇ ಜಿಂಕ್ ಪ್ರೈಮರ್ ಬಳಿಯಬೇಕೆಂದು ಅವರು ಪಟ್ಟು ಹಿಡಿದರು, ಏಕೆಂದರೆ ನಮ್ಮ ಗಾಳಿಯಲ್ಲಿ ಬರಿಯ ಉಕ್ಕು ಮರುದಿನ ಬೆಳಿಗ್ಗೆಗೇ ಕೆಂಪಾಗುತ್ತದೆ.

ಜಿಂಕ್ ಎಂದಾಗ ನೆನಪಾಯಿತು. ಸ್ಟೀಲ್ ಬೋಟುಗಳ ತಳಕ್ಕೆ ಜಿಂಕ್ ಗಟ್ಟಿಗಳನ್ನು ಬಡಿದಿರುತ್ತಾರೆ. ಬೋಟಿನ ಉಕ್ಕಿನ ಬದಲು ಅವು ಸವೆಯುತ್ತವೆ. ಅದನ್ನೇ ಜಿಪ್ಸಿಗೂ ಹಾಕಬಾರದೇಕೆ ಎಂದು ಕೇಳಿದ್ದೆ. ಬೋಟು ಸದಾ ಸಮುದ್ರದಲ್ಲಿ ಮುಳುಗಿರುವುದರಿಂದ ನೀರೇ ಎರಡು ಲೋಹಗಳ ನಡುವೆ ವಿದ್ಯುತ್ತಿಗೆ ದಾರಿಯಾಗುತ್ತದೆ, ಗಾಳಿಯಲ್ಲಿ ಓಡುವ ಗಾಡಿಗೆ ಆ ದಾರಿ ಇಲ್ಲದ್ದರಿಂದ ಗಟ್ಟಿ ಹಾಕಿ ಪ್ರಯೋಜನವಿಲ್ಲ, ಉಕ್ಕಿಗೆ ನೇರ ತಾಗಿರುವ ಜಿಂಕ್ ಪ್ರೈಮರ್ ಮಾತ್ರ ಕೆಲಸ ಮಾಡುತ್ತದೆ ಎಂಬುದು ಅವರ ಉತ್ತರದ ಸಾರ. ಹಿಂದೆ ಮರದ ದೋಣಿಗಳಿಗೆ ಬಳಿಯುತ್ತಿದ್ದ ಬೂತಾಯಿ ಮೀನಿನ ಎಣ್ಣೆಯನ್ನು ಚಾಸಿಸ್ಸಿನ ಒಳಗೆ ಹಾಕಲು ಸಲಹೆ ಕೊಟ್ಟವರೂ ಇದ್ದರು. ಬೀದಿಯ ಬೆಕ್ಕುಗಳನ್ನೆಲ್ಲ ಸಾಕುವ ಇಚ್ಛೆ ನನಗಿರಲಿಲ್ಲ; ಡಬ್ಬದಲ್ಲಿ ಸಿಗುವ ಮೇಣದಂಥ ಕ್ಯಾವಿಟಿ ವ್ಯಾಕ್ಸನ್ನು ಉದ್ದ ಪೈಪಿನಿಂದ ಒಳಗೆ ಸ್ಪ್ರೇ ಮಾಡಿಸಿದೆ. ಮಳೆಗಾಲಕ್ಕೆ ಮುನ್ನ ಹಳೆಯ ಎಂಜಿನ್ ಆಯಿಲ್ ಹೊಡೆಸುವ ನಮ್ಮೂರಿನ ರೂಢಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಧೂಳನ್ನು ಹಿಡಿಯುತ್ತದೆ, ರಬ್ಬರ್ ಬುಶ್‌ಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ.

ಗಾಡಿಯನ್ನು ತೊಳೆಯುವ ಕಾಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ತುಕ್ಕು ಹೆಚ್ಚೆಂದು ಎಲ್ಲರೂ ಆಗ ಎಚ್ಚರದಿಂದಿರುತ್ತಾರೆ. ಆದರೆ ಮಳೆ ಸಿಹಿನೀರು, ತಾಗಿದ ಕಡೆಯ ಉಪ್ಪನ್ನು ತೊಳೆದುಬಿಡುತ್ತದೆ. ಉಪ್ಪು ಕೂರುವುದು ಡಿಸೆಂಬರಿನಿಂದ ಮೇ ತನಕ, ಅದೂ ಮಳೆ ತಾಗದ ಮಡ್‌ಗಾರ್ಡಿನ ಒಳಮೈ, ಚಾಸಿಸ್ಸಿನ ಮೇಲ್ಮೈ, ಬಾಗಿಲಿನ ಕೆಳ ಅಂಚುಗಳಲ್ಲಿ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ತೇವವನ್ನು ತಾನೇ ಹೀರಿಕೊಳ್ಳುವುದರಿಂದ, ನೆಲ ಒಣಗಿ ಬಿರಿಯುವ ಏಪ್ರಿಲಿನಲ್ಲೂ ಆ ಜಾಗಗಳು ಒಳಗೊಳಗೇ ಒದ್ದೆ. ಹಾಗಾಗಿ ನಾನು ಅಡಿಭಾಗವನ್ನು ಬಾವಿನೀರಿನಿಂದ ಚೆನ್ನಾಗಿ ತೊಳೆಯುವುದು ಬೇಸಿಗೆಯಲ್ಲೇ ಹೆಚ್ಚು.

ಚಾಸಿಸ್ ಮುಗಿಸಿ ಗಾಡಿ ರಸ್ತೆಗಿಳಿದ ಮೇಲೆ ಎರಡನೆಯ ಹಿನ್ನಡೆ ಬಂತು. ಹೆದ್ದಾರಿ 66ರಲ್ಲಿ ಗಂಟೆಗೆ 60 ಕಿಲೋಮೀಟರ್ ದಾಟಿದಾಗ ಎಡಗಾಲಿ ಸಣ್ಣ ಹೊಂಡಕ್ಕೆ ಬಿದ್ದರೆ ಸಾಕು, ಸ್ಟೇರಿಂಗ್ ಎರಡೂ ಕಡೆಗೆ ಹುಚ್ಚೆದ್ದು ಬಡಿದುಕೊಳ್ಳುತ್ತಿತ್ತು, ವೇಗ ಪೂರ್ತಿ ಇಳಿಸದೆ ನಿಲ್ಲುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಸ್ಟೇರಿಂಗಿನ ಅಲುಗಾಟ ತಡೆಯುವ ಹೊಸ ಡ್ಯಾಂಪರ್ ಹಾಕಿ ಕಳುಹಿಸಿದರು. ಕೆಲವು ವಾರ ಸರಿಯಿತ್ತು, ಆಮೇಲೆ ಮೊದಲಿಗಿಂತ ಜೋರಾಯಿತು. ಡ್ಯಾಂಪರ್ ರೋಗವನ್ನು ಮುಚ್ಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಚಕ್ರದ ಬ್ಯಾಲೆನ್ಸ್, ವೀಲ್ ಬೇರಿಂಗ್, ಟೈ ರಾಡಿನ ತುದಿಗಳು, ಸ್ಪ್ರಿಂಗ್ ಬುಶ್ ಎಲ್ಲವನ್ನೂ ಒಂದೊಂದಾಗಿ ನೋಡಿದ ಮೇಲೆ ಉಳಿದದ್ದು ಕಿಂಗ್ ಪಿನ್. ಜಿಪ್ಸಿಯ ಮುಂದಿನ ಆಕ್ಸೆಲ್ಲಿನ ತುದಿಯಲ್ಲಿ ದೊಡ್ಡ ಉಕ್ಕಿನ ಗುಂಡು ಇದೆ; ಅದರ ಮೇಲೂ ಕೆಳಗೂ ಇರುವ ಪಿನ್ನುಗಳ ಮೇಲೆ ಚಕ್ರ ತಿರುಗುತ್ತದೆ. ಕೆಳಗಿನ ಬೇರಿಂಗಿನ ಬಟ್ಟಲನ್ನು ತೆಗೆದು ಒರೆಸಿದಾಗ ರೋಲರುಗಳು ಒತ್ತಿ ಮೂಡಿಸಿದ ಸಾಲು ಗೀರುಗಳು ಕಂಡವು, ಉಗುರು ಎಳೆದರೆ ಒಂದೊಂದಕ್ಕೂ ತಡೆಯುತ್ತಿತ್ತು. ಗುಂಡಿನ ಸೀಲು ಹರಿದು ನೀರು ಹೊಕ್ಕು, ಗ್ರೀಸು ಬೂದು ಬಣ್ಣದ ಗಂಜಿಯಾಗಿತ್ತು. ಹೊಸ ಬೇರಿಂಗ್ ಹಾಕಿ, ಪಿನ್ನಿನ ಅಡಿಯ ಶಿಮ್ ಎಂಬ ತೆಳು ಬಿಲ್ಲೆಗಳನ್ನು ಕೂಡಿಸಿ ಕಳೆದು, ಸೀಲು ಹಾಕುವ ಮೊದಲೇ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಬಿಗಿತ ಅಳೆದು ಕೂರಿಸಿದ ಮೇಲೆ ಆ ನಡುಕ ಮತ್ತೆ ಬಂದಿಲ್ಲ.

ಇದೇ ಸಂದರ್ಭದಲ್ಲಿ ತಂದ ಒಳಗಿನ ಆಯಿಲ್ ಸೀಲು ನಕಲಿಯಾಗಿತ್ತು. ಆಕ್ಸೆಲ್ ಹೌಸಿಂಗಿನ ಗೇರ್ ಆಯಿಲ್ ಸೋರಿ ಹೊಸ ಗ್ರೀಸಿನೊಂದಿಗೆ ಬೆರೆತು ಬ್ರೇಕಿನವರೆಗೂ ಬಂತು. ಎಲ್ಲವನ್ನೂ ಪುನಃ ಬಿಚ್ಚಿದ್ದಾಯಿತು. 2019ರ ಹೊತ್ತಿಗೆ ಜಿಪ್ಸಿಯ ಸಾರ್ವಜನಿಕ ಮಾರಾಟ ನಿಂತ ಮೇಲೆ ಬಿಡಿಭಾಗಗಳದ್ದೇ ಚಿಂತೆ ಎಂದು ಹಲವರು ಹೆದರಿಸಿದ್ದರು. ಸೇನೆ ಈ ಗಾಡಿಯನ್ನು ದಶಕಗಳ ಕಾಲ ಬಳಸಿದ್ದರಿಂದ ಅಷ್ಟು ಕಷ್ಟವಾಗಲಿಲ್ಲ. ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸೆಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರುಗಳಂತಹವು ದೆಹಲಿಯ ಮಾಯಾಪುರಿಯ ಗುಜರಿಯಿಂದಲೂ ಬರುತ್ತವೆ. ಎಂಜಿನ್ನಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಎಸ್ಟೀಮ್ ಕಾರಿನದ್ದೂ ಅದೇ ಕುಟುಂಬದ ಎಂಜಿನ್ ಆದ್ದರಿಂದ ಟೈಮಿಂಗ್ ಬೆಲ್ಟ್, ವಾಟರ್ ಪಂಪುಗಳಿಗೆ ಮಂಗಳೂರು ದಾಟಿ ಹೋಗಬೇಕಾಗಿಲ್ಲ.

ಹೊಳೆ ದಾಟುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಉಡುಪಿಯಿಂದ ಹೆಬ್ರಿಯವರೆಗೆ ಓಡಿ ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್, ಅಂದರೆ ಆಕ್ಸೆಲ್ಲಿನ ನಡುವಿನ ಗೇರುಗಳ ಕವಚ, ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲು ಅಥವಾ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಹೊಳೆಗೆ ಇಳಿಯುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸಿ ತಣಿಯಲು ಬಿಡುತ್ತೇನೆ. ಬ್ರೀದರುಗಳಿಗೆ ರಬ್ಬರ್ ಪೈಪು ಜೋಡಿಸಿ ಎಂಜಿನ್ನಿನ ಎತ್ತರಕ್ಕೆ ಒಯ್ದಿದ್ದೇನೆ. ಇಷ್ಟು ಮಾಡಿದ ಮೇಲೂ ಮಳೆಗಾಲ ಮುಗಿದ ಕೂಡಲೇ ಎರಡೂ ಹೌಸಿಂಗಿನ ಆಯಿಲ್ ಬದಲಿಸುವುದನ್ನು ಬಿಟ್ಟಿಲ್ಲ.

ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಕಾರುಗಳಿಗೆ ಈ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು, ನನ್ನ ಸರದಿ ಬಂದದ್ದು ಅದರ ಬೆನ್ನಿಗೇ. ಶುಲ್ಕಕ್ಕಿಂತ ತಲೆನೋವಾದದ್ದು ಚಾಸಿಸ್ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಎಲ್ಲ ಅಂಕಿಗಳೂ ಸ್ಪಷ್ಟವಾಗಿ ಮೂಡಬೇಕು; ತುಕ್ಕಿನಲ್ಲಿ ಒಂದೆರಡು ಅಂಕಿಗಳು ಮಸುಕಾಗಿದ್ದವು. ಅಲ್ಲಿ ಗ್ರೈಂಡರ್ ಆಗಲಿ ಒರಟು ಎಮರಿ ಕಾಗದವಾಗಲಿ ತಾಗಿಸಬಾರದು, ಅಂಕಿ ಅಳಿಸಿದರೆ ತಿದ್ದಿದ ಗಾಡಿಯೆಂಬ ಸಂಶಯ ಬರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದಲೂ ನೈಲಾನ್ ಬ್ರಷ್ಷಿನಿಂದಲೂ ನಿಧಾನವಾಗಿ ಉಜ್ಜಿ ತೆಗೆದೆ. ಈಗ ಆ ಜಾಗಕ್ಕೆ ಬಣ್ಣವಿಲ್ಲ, ಬರಿಯ ಗ್ರೀಸು, ಅದನ್ನೂ ಆಗಾಗ ಒರೆಸಿ ಹೊಸದಾಗಿ ಹಚ್ಚುತ್ತೇನೆ.

ಒಣ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆಯಬಾರದೆಂಬುದು ಗೊತ್ತಿದ್ದವರು ಕೂಡ ಅದನ್ನು ತಿಂಗಳುಗಟ್ಟಲೆ ಹಾಕದೇ ಇಡುವುದುಂಟು. ಆಗ ಮುಂದಿನ ಚಕ್ರಗಳನ್ನು ಆಕ್ಸೆಲ್ಲಿಗೆ ಜೋಡಿಸುವ ಹಬ್ಬಿನ ಲಾಕು ಜಡ್ಡುಗಟ್ಟುತ್ತದೆ, ಮುಂದಿನ ಆಕ್ಸೆಲ್ಲಿನ ಒಳಗೆ ಮೇಲ್ಭಾಗದ ಗೇರುಗಳಿಗೆ ಆಯಿಲ್ ತಾಗುವುದಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲೂ ನಾನು ಯಾವುದಾದರೂ ಮಣ್ಣುರಸ್ತೆಯಲ್ಲಿ ಹಬ್ಬು ಲಾಕ್ ಮಾಡಿ ಸ್ವಲ್ಪ ದೂರ ನೇರವಾಗಿ ಓಡಿಸುತ್ತೇನೆ. ಈ ವರ್ಷ ಮುಂಗಾಜಿನ ಚೌಕಟ್ಟಿನ ಕೆಳಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಗಾಜು ಬಿಚ್ಚಿಸಿ ಅದನ್ನು ಕತ್ತರಿಸಿ ಹೊಸ ತಗಡು ಕೂರಿಸುವ ಕೆಲಸವನ್ನು ಏಪ್ರಿಲಿಗೇ ಒಪ್ಪಿಸಿದ್ದೇನೆ, ಜೂನ್ ಬಂದರೆ ನಮ್ಮ ವೆಲ್ಡರ್ ಮತ್ತೆ ಬೋಟುಗಳ ಪಾಲಾಗುತ್ತಾರೆ.