ಸಾಲವೋ, ಸಹಾಯವೋ: ಕೆನ್ಯಾದ ಯುವಜನರಿಗೆ ಹವಾಮಾನ ಹಣಕಾಸು ಕಲಿಸಿದ ನನ್ನ ಅನುಭವ

ನೈರೋಬಿಯಲ್ಲಿ ನೆಲೆಸಿ, ಕೆನ್ಯಾದ ಯುವ ಪರಿಸರ ಕಾರ್ಯಕರ್ತರಿಗೆ ಹವಾಮಾನ ಹಣಕಾಸಿನ, ಅಂದರೆ ಹವಾಮಾನ ಬದಲಾವಣೆ ಎದುರಿಸಲು ಒದಗಿಸುವ ಹಣದ, ತರಗತಿ ನಡೆಸಲು ಆರಂಭಿಸಿದ ಹೊಸತರಲ್ಲಿ ನಾನು ಪಾಠವನ್ನು ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಿಂದ ಶುರುಮಾಡುತ್ತಿದ್ದೆ. 2020ರ ಹೊತ್ತಿಗೆ ಅಭಿವೃದ್ಧಿಶೀಲ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಅಲ್ಲಿ ಮಾತು ಕೊಟ್ಟವು. ಆ ಮೊತ್ತ ಕೂಡಿಬಂದದ್ದು 2022ರಲ್ಲಿ. ಎಲ್ಲರೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು, ಆದರೆ ಚರ್ಚೆ ತಡವಾದದ್ದರ ಸಿಟ್ಟಿನಲ್ಲೇ ಮುಗಿಯುತ್ತಿತ್ತು. ಬಂದ ಹಣ ಯಾವ ಬಗೆಯದು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವಂತೆ ನಾನೂ ಕಲಿಸಿರಲಿಲ್ಲ.

ಈ ಕೊರತೆ ನನಗೆ ತಿಳಿದದ್ದು ಮಳೆ ಕಡಿಮೆಯಿರುವ ಮಕ್ವೇನಿ ಕೌಂಟಿಯಲ್ಲಿ. ವಾರ್ಡ್ ಮಟ್ಟದ ಹವಾಮಾನ ಸಮಿತಿಗಳಿಗೆ ಹಣ ತಲುಪಿಸುವ ಫ್ಲೋಕಾ ಯೋಜನೆಯ ಕೆಲವು ಪುಟಗಳನ್ನು ಹಂಚಿ, ಅದರಲ್ಲಿದ್ದ ವಿಶ್ವಬ್ಯಾಂಕಿನ 15 ಕೋಟಿ ಡಾಲರ್ 'ಕ್ರೆಡಿಟ್' ಎಂದರೇನು ಎಂದು ಕೇಳಿದೆ. ನಮ್ಮ ಖಾತೆಗೆ ಜಮೆಯಾದ ಹಣ ಎಂದು ಒಬ್ಬ ಯುವತಿ ತಡವರಿಸದೆ ಹೇಳಿದಳು, ಉಳಿದವರು ತಲೆಯಾಡಿಸಿದರು. ಅಲ್ಲಿ ಫೋನಿಗೆ ತುಂಬಿಸುವ ರೀಚಾರ್ಜ್ ಹಣಕ್ಕೂ ಕ್ರೆಡಿಟ್ ಎಂದೇ ಹೆಸರು. ವಿಶ್ವಬ್ಯಾಂಕು ಬಡದೇಶಗಳಿಗೆ ಅಗ್ಗದ ಬಡ್ಡಿಯಲ್ಲಿ ಕೊಡುವ ಸಾಲವನ್ನೂ ಇದೇ ಪದದಿಂದ ಕರೆಯುತ್ತದೆ. ನಾನು ಹಲಗೆಯ ಮೇಲೆ ಎರಡು ಸ್ವಾಹಿಲಿ ಪದಗಳನ್ನು ಬರೆದೆ: ಮ್ಸಾದಾ, ಅಂದರೆ ಸಹಾಯ, ಮ್ಕೋಪೊ, ಅಂದರೆ ಸಾಲ. ದಾಖಲೆಯ ಪ್ರತಿಯೊಂದು ಮೊತ್ತವನ್ನೂ ಈ ಎರಡರಲ್ಲಿ ಒಂದರ ಕೆಳಗೆ ಬರೆಯಲು ಹೇಳಿದೆ.

ಮುಂದಿನ ಪಾಠಕ್ಕೆ ನೆರವಾದದ್ದು ಚಾಮಾ, ಅಂದರೆ ನಮ್ಮ ಸ್ವಸಹಾಯ ಸಂಘದಂತೆ ಕೆನ್ಯಾದ ಊರೂರಲ್ಲಿರುವ ಉಳಿತಾಯದ ಗುಂಪು. ಚಾಮಾದಿಂದ 10,000 ಶಿಲ್ಲಿಂಗ್ ಸಾಲ ಪಡೆದವಳು ಅದನ್ನು ಪೂರ್ತಿ ತೀರಿಸಬೇಕು. ಹಾಗಿದ್ದರೂ ಚಾಮಾ ತಾನು ಅವಳಿಗೆ 10,000 ಶಿಲ್ಲಿಂಗ್ ನೆರವು ಕೊಟ್ಟೆನೆಂದು ಲೆಕ್ಕ ಬರೆದರೆ ಒಪ್ಪುತ್ತೀರಾ ಎಂದು ಕೇಳಿದೆ. ಸಂಘದ ಪುಸ್ತಕ ಬರೆದು ರೂಢಿಯಿದ್ದ ಹೆಣ್ಣುಮಕ್ಕಳು ಒಡನೆಯೇ ಒಪ್ಪುವುದಿಲ್ಲ ಎಂದರು. ಈ ಹಣದ ಲೆಕ್ಕವಿಡುವ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಪಟ್ಟಿಯಲ್ಲಿ ಸಾಲದ ಪೂರ್ಣ ಮೊತ್ತವೇ ಹವಾಮಾನ ಹಣಕಾಸೆಂದು ಸೇರುತ್ತದೆ ಎಂಬುದನ್ನು ಆಮೇಲೆ ವಿವರಿಸುವುದು ಕಷ್ಟವಾಗಲಿಲ್ಲ. 2022ರ ಸರ್ಕಾರಿ ಮೂಲದ ಹಣದಲ್ಲಿ ಶೇ. 69ರಷ್ಟು ಸಾಲ, ಶೇ. 28ರಷ್ಟು ಮಾತ್ರ ಅನುದಾನ.

ಮೊಜಾಂಬಿಕ್‌ನ ಉದಾಹರಣೆಯನ್ನು ನಾನು ಈಗ ಎಂದೂ ಬಿಡುವುದಿಲ್ಲ. 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಬೈರಾ ನಗರವನ್ನು ಧ್ವಂಸಮಾಡಿತು. ಮೊದಲೇ ಸಾಲದ ಬಿಕ್ಕಟ್ಟಿನಲ್ಲಿದ್ದ ದೇಶಕ್ಕೆ ಮರುತಿಂಗಳು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) 11.82 ಕೋಟಿ ಡಾಲರ್ ತುರ್ತು ಸಾಲ ಕೊಟ್ಟಿತು. ಬಡ್ಡಿಯಿರಲಿಲ್ಲ ನಿಜ, ಆದರೆ ಅಸಲು ತೀರಿಸಲೇಬೇಕು. ಭೂಮಿಯನ್ನು ಬಿಸಿಮಾಡುವ ಜಗತ್ತಿನ ಹೊಗೆಯಲ್ಲಿ ಇಡೀ ಆಫ್ರಿಕಾದ ಪಾಲು ಶೇ. 4ರ ಆಸುಪಾಸು ಎಂಬುದನ್ನು ಇದರ ಪಕ್ಕದಲ್ಲಿಟ್ಟಾಗ ತರಗತಿ ಬಹಳ ಹೊತ್ತು ಮಾತಾಡಲಿಲ್ಲ.

ಸಾಲವೆಲ್ಲ ಕೆಟ್ಟದ್ದೆಂದು ನಾನು ಕಲಿಸುವುದಿಲ್ಲ. ಸೌರ ವಿದ್ಯುತ್ ಸ್ಥಾವರ ಕರೆಂಟು ಮಾರಿ ಕಂತು ಕಟ್ಟಬಲ್ಲದು. ಆದರೆ ಮಕ್ವೇನಿಯ ಮರಳು ಒಡ್ಡು, ಅಂದರೆ ಬತ್ತುವ ಹೊಳೆಗೆ ಅಡ್ಡಗೋಡೆ ಕಟ್ಟಿ ಅದರ ಹಿಂದೆ ತುಂಬಿದ ಮರಳಿನೊಳಗೆ ನೀರು ಉಳಿಸುವ ಕಟ್ಟೆ, ಊರಿಗೆ ನೀರು ಕೊಡುತ್ತದೆಯೇ ಹೊರತು ಖಜಾನೆಗೆ ಆದಾಯ ತರುವುದಿಲ್ಲ. ಅಂಥ ಕೆಲಸಕ್ಕೆ ಅನುದಾನವೇ ನ್ಯಾಯ ಎಂಬುದು ನನ್ನ ದೃಢ ನಿಲುವು.

ಕೊನೆಯ ದಿನವನ್ನು ಪತ್ರ ಬರೆಯಲು ಮೀಸಲಿಟ್ಟೆ. ಕೆನ್ಯಾ ಸಂವಿಧಾನದ 35ನೇ ವಿಧಿ ನಾಗರಿಕರಿಗೆ ಮಾಹಿತಿಯ ಹಕ್ಕು ಕೊಡುತ್ತದೆ. 2016ರ ಕಾಯ್ದೆಯಂತೆ ಅರ್ಜಿಗೆ 21 ದಿನಗಳಲ್ಲಿ ಉತ್ತರ ಬರಬೇಕು. ನಮ್ಮ ವಾರ್ಡಿಗೆ ಎಷ್ಟು ಹಣ ಬಂತು ಎಂದಷ್ಟೇ ಕೇಳಿ ಬರೆದ ಮೊದಲ ಕರಡನ್ನು ಅವರೇ ಹರಿದುಹಾಕಿದರು. ಎರಡನೆಯದರಲ್ಲಿ ಇನ್ನೊಂದು ಸಾಲು ಸೇರಿತ್ತು: ಅದರಲ್ಲಿ ಎಷ್ಟನ್ನು, ಯಾವ ವರ್ಷದಿಂದ, ಯಾರು ಹಿಂತಿರುಗಿಸಬೇಕು?